ಪಪೆಟ್ ಭಾಷೆಯಲ್ಲಿ ಸ್ಟ್ರಿಂಗ್ ವಿಭಜನೆ

ಸ್ಟ್ರಿಂಗ್ ವಿಭಜನೆ ಎಂದರೆ ಅಕ್ಷರಗಳ ಒಂದು ಸಾಲನ್ನು ಗೊತ್ತುಪಡಿಸಿದ ವಿಭಜಕ ಬಂದ ಕಡೆಯಲ್ಲೆಲ್ಲ ಕತ್ತರಿಸಿ, ಸಿಕ್ಕ ತುಂಡುಗಳನ್ನು ಅದೇ ಕ್ರಮದಲ್ಲಿ ಒಂದು ಅರೇಯಾಗಿ ಕೊಡುವ ಕ್ರಿಯೆ. ಸರ್ವರ್‌ಗಳು ಯಾವ ಸ್ಥಿತಿಯಲ್ಲಿರಬೇಕು ಎಂದು ಬರೆದಿಡುವ ಕಾನ್ಫಿಗರೇಶನ್ ಮ್ಯಾನೇಜ್‌ಮೆಂಟ್ ಭಾಷೆಗಳಲ್ಲಿ ಒಂದಾದ ಪಪೆಟ್‌ನಲ್ಲಿ ಈ ಕೆಲಸಕ್ಕೆ 'ಸ್ಪ್ಲಿಟ್' ಎಂಬ ಅಂತರ್ನಿರ್ಮಿತ ಫಂಕ್ಷನ್ ಇದೆ. ಅದು ತೆಗೆದುಕೊಳ್ಳುವುದು ಎರಡೇ ಮೌಲ್ಯಗಳನ್ನು: ಕತ್ತರಿಸಬೇಕಾದ ಸ್ಟ್ರಿಂಗ್ ಮತ್ತು ವಿಭಜಕದ ನಮೂನೆ. ಫಂಕ್ಷನ್ ಪುಟ್ಟದು, ಆದರೆ ಅದರ ನಡವಳಿಕೆ ಪಪೆಟ್‌ಗಿಂತ ಹಳೆಯದು. ಹೊಸಬರು ಅಲ್ಲಿ ಎಡವುವ ಬಹುತೇಕ ಜಾಗಗಳ ಮೂಲ ರೂಬಿ ಭಾಷೆಯಲ್ಲೂ ಅದಕ್ಕೂ ಹಿಂದಿನ ಪರ್ಲ್ ಭಾಷೆಯಲ್ಲೂ ಇದೆ.

ಪರಿಭಾಷೆ

ಈ ಲೇಖನದಲ್ಲಿ 'ವಿಭಜಕ' ಎಂದರೆ ತುಂಡುಗಳ ನಡುವೆ ಬರುವ ಗುರುತು. ಅದು ಅಲ್ಪವಿರಾಮ, ಚುಕ್ಕಿ, ಕೋಲನ್, ಖಾಲಿ ಜಾಗ ಅಥವಾ ಹಲವು ಚಿಹ್ನೆಗಳ ಗುಂಪು ಆಗಿರಬಹುದು. 'ನಮೂನೆ' ಎಂದರೆ ಆ ವಿಭಜಕವನ್ನು ವರ್ಣಿಸುವ ರೆಗ್ಯುಲರ್ ಎಕ್ಸ್‌ಪ್ರೆಶನ್, ಅಂದರೆ ರೆಜೆಕ್ಸ್. 'ಅರೇ' ಎಂದರೆ ಸೊನ್ನೆಯಿಂದ ಎಣಿಸುವ ಸಾಲುಪಟ್ಟಿ. ಪಪೆಟ್ ಭಾಷೆಯಲ್ಲಿ ಬರೆದ ಕಡತ 'ಮ್ಯಾನಿಫೆಸ್ಟ್'; ಅದು ನಿಯಂತ್ರಿಸುವ ಪ್ರತಿಯೊಂದು ಯಂತ್ರ 'ನೋಡ್'; ನೋಡ್ ತನ್ನ ಬಗ್ಗೆ ತಾನೇ ಕೊಡುವ ಮಾಹಿತಿ 'ಫ್ಯಾಕ್ಟ್'. ಮ್ಯಾನಿಫೆಸ್ಟನ್ನು ಸರ್ವರ್ ಕಂಪೈಲ್ ಮಾಡಿದಾಗ ಸಿಗುವ, ಆ ನೋಡ್‌ಗೆ ಮಾತ್ರ ಅನ್ವಯಿಸುವ ಪಟ್ಟಿ 'ಕ್ಯಾಟಲಾಗ್'. ಫಂಕ್ಷನ್ ಹೆಸರುಗಳನ್ನು ಇಲ್ಲಿ ಓದಿನ ಅನುಕೂಲಕ್ಕಾಗಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಮ್ಯಾನಿಫೆಸ್ಟಿನಲ್ಲಿ ಅವು ರೋಮನ್ ಲಿಪಿಯಲ್ಲೇ ಇರಬೇಕು. ಪಪೆಟ್‌ನ ವೇರಿಯಬಲ್ ಹೆಸರುಗಳಿಗೂ ಅದೇ ನಿಯಮ. ಸ್ಟ್ರಿಂಗ್‌ಗಳ ಒಳಗಿನ ಪಠ್ಯ ಮಾತ್ರ ಯಾವ ಲಿಪಿಯಲ್ಲಾದರೂ ಇರಬಹುದು.

ಹಿನ್ನೆಲೆ

ಸಾಲನ್ನು ತುಂಡು ಮಾಡಿ ಓದುವ ಪದ್ಧತಿ ಯುನಿಕ್ಸ್ ಪರಂಪರೆಯಿಂದ ಬಂದದ್ದು. ಅಲ್ಲಿ ಸಂರಚನೆಯ ಮಾಹಿತಿಯೆಲ್ಲ ಸರಳ ಪಠ್ಯವೇ: ಬಳಕೆದಾರರ ಪಟ್ಟಿಯ ಪ್ರತಿ ಸಾಲಿನಲ್ಲೂ ಕೋಲನ್‌ನಿಂದ ಬೇರ್ಪಟ್ಟ ಏಳು ಅಂಕಣಗಳಿರುತ್ತವೆ, ಪ್ರೋಗ್ರಾಂಗಳನ್ನು ಹುಡುಕುವ ಹಾದಿಯೂ ಕೋಲನ್‌ಗಳಿಂದ ಹೆಣೆದ ಒಂದೇ ಸ್ಟ್ರಿಂಗ್. 1977ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಆಲ್ಫ್ರೆಡ್ ಅಹೋ, ಪೀಟರ್ ವೈನ್‌ಬರ್ಗರ್ ಮತ್ತು ಬ್ರಯನ್ ಕರ್ನಿಗನ್ ರೂಪಿಸಿದ ಆಕ್ ಭಾಷೆ ಸಾಲನ್ನು ಅಂಕಣಗಳಾಗಿ ಒಡೆಯುವುದನ್ನೇ ತನ್ನ ಕೇಂದ್ರವಾಗಿ ಇಟ್ಟುಕೊಂಡಿತು. 1987ರಲ್ಲಿ ಲ್ಯಾರಿ ವಾಲ್ ಬಿಡುಗಡೆ ಮಾಡಿದ ಪರ್ಲ್, ವಿಭಜಕದ ಜಾಗದಲ್ಲಿ ರೆಜೆಕ್ಸ್ ಇಡುವುದನ್ನೂ ಕೊನೆಯ ಖಾಲಿ ತುಂಡುಗಳನ್ನು ಸದ್ದಿಲ್ಲದೆ ಕೈಬಿಡುವುದನ್ನೂ ರೂಢಿಗೆ ತಂದಿತು. ಯುಕಿಹಿರೊ ಮತ್ಸುಮೊಟೊ 1995ರಲ್ಲಿ ಹೊರತಂದ ರೂಬಿ ಈ ಎರಡನ್ನೂ ಪರ್ಲ್‌ನಿಂದ ಪಡೆಯಿತು.

ಕಾನ್ಫಿಗರೇಶನ್ ಮ್ಯಾನೇಜ್‌ಮೆಂಟಿನ ಕಥೆ ಬೇರೊಂದು ದಾರಿಯಲ್ಲಿ ಬಂತು. ಓಸ್ಲೋ ವಿಶ್ವವಿದ್ಯಾಲಯದಲ್ಲಿದ್ದ ಮಾರ್ಕ್ ಬರ್ಜೆಸ್ 1993ರಲ್ಲಿ ಸಿಎಫ್‌ಎಂಜಿನ್ ಆರಂಭಿಸಿದರು. ಅದನ್ನು ಬಳಸಿ ಪಳಗಿದ್ದ ಲ್ಯೂಕ್ ಕೇನಿಸ್ 2005ರಲ್ಲಿ ಪಪೆಟ್ ತಂದರು, ಬರೆದದ್ದು ರೂಬಿಯಲ್ಲಿ. ಹೀಗೆ ಎರಡು ದಾರಿಗಳೂ ಒಂದೆಡೆ ಸೇರಿದವು. ಪಪೆಟ್ ತನ್ನದೇ ಘೋಷಣಾತ್ಮಕ ಭಾಷೆಯನ್ನು ಕಟ್ಟಿಕೊಂಡರೂ ಸ್ಪ್ಲಿಟ್ ಒಳಗೆ ನಡೆಯುವುದು ರೂಬಿಯ ಸ್ಪ್ಲಿಟ್‌ ಕೆಲಸವೇ.

ಆರಂಭದ ವರ್ಷಗಳಲ್ಲಿ ಈ ಫಂಕ್ಷನ್ ಇಲ್ಲದೆ ಮ್ಯಾನಿಫೆಸ್ಟ್ ಬರೆಯುವುದು ಕಷ್ಟವಿತ್ತು. ಕಾರಣ ಫ್ಯಾಕ್ಟರ್, ಅಂದರೆ ನೋಡ್‌ನ ಮಾಹಿತಿ ಕಲೆಹಾಕುವ ಉಪಕರಣ. ಅದು ಕೊಡುತ್ತಿದ್ದ ಪ್ರತಿಯೊಂದು ಫ್ಯಾಕ್ಟ್ ಕೂಡ ಚಪ್ಪಟೆ ಸ್ಟ್ರಿಂಗ್ ಆಗಿತ್ತು. ಒಂದು ಯಂತ್ರಕ್ಕೆ ನಾಲ್ಕು ನೆಟ್‌ವರ್ಕ್ ಇಂಟರ್‌ಫೇಸ್‌ಗಳಿದ್ದರೆ 'ಇಂಟರ್‌ಫೇಸಸ್' ಎಂಬ ಫ್ಯಾಕ್ಟ್ ನಾಲ್ಕೂ ಹೆಸರುಗಳನ್ನು ಅಲ್ಪವಿರಾಮದಿಂದ ಜೋಡಿಸಿ ಒಂದೇ ಸಾಲಾಗಿ ಕೊಡುತ್ತಿತ್ತು. ಅದನ್ನು ಮತ್ತೆ ಬಿಡಿಸುವುದು ಮ್ಯಾನಿಫೆಸ್ಟ್ ಬರೆಯುವವರ ಪಾಲಿಗೆ ಬೀಳುತ್ತಿತ್ತು. 2014ರ ಫ್ಯಾಕ್ಟರ್ 2 ಅರೇ ಮತ್ತು ಹ್ಯಾಶ್ (ಕೀಲಿ-ಮೌಲ್ಯ ಜೋಡಿಗಳ ಪಟ್ಟಿ) ರೂಪದ ಫ್ಯಾಕ್ಟ್‌ಗಳಿಗೆ ಅವಕಾಶ ಕೊಟ್ಟ ಮೇಲೆ, ಮುಂದಿನ ವರ್ಷದ ಫ್ಯಾಕ್ಟರ್ 3ರಲ್ಲಿ ನೆಟ್‌ವರ್ಕ್ ಮಾಹಿತಿಯೇ ಕವಲುಕವಲಾಗಿ ಸಿಗತೊಡಗಿದ ಮೇಲೆ, ಆ ಒಂದು ದೊಡ್ಡ ಅಗತ್ಯ ಕುಗ್ಗಿತು.

ರಚನೆ

ಸ್ಪ್ಲಿಟ್ ಅನ್ನು ಎರಡು ರೀತಿಯಲ್ಲಿ ಕರೆಯಬಹುದು. ಹಳೆಯ ರೀತಿಯಲ್ಲಿ ಎರಡೂ ಮೌಲ್ಯಗಳು ಆವರಣದೊಳಗೆ ಬರುತ್ತವೆ:

ಸ್ಪ್ಲಿಟ್('192.168.12.7', '[.]')

ಇದರ ಫಲ ['192', '168', '12', '7'] ಎಂಬ ನಾಲ್ಕು ಅಂಶಗಳ ಅರೇ. 2015ರ ಏಪ್ರಿಲ್‌ನಲ್ಲಿ ಬಂದ ಪಪೆಟ್ 4 ಚುಕ್ಕಿ ಹಾಕಿ ಸರಣಿಯಾಗಿ ಕರೆಯುವ ರೀತಿಯನ್ನು ಭಾಷೆಯ ಸಾಮಾನ್ಯ ಭಾಗವಾಗಿಸಿತು:

'192.168.12.7'.ಸ್ಪ್ಲಿಟ್('[.]')

ಎರಡರ ಫಲವೂ ಒಂದೇ. ಆದರೆ ಕತ್ತರಿಸಿದ ಮೇಲೆ ಇನ್ನೂ ಕೆಲಸವಿದ್ದಾಗ, ಉದಾಹರಣೆಗೆ ಪ್ರತಿ ತುಂಡಿನ ಅಂಚಿನ ಖಾಲಿ ಜಾಗ ಒರೆಸಿ ಖಾಲಿ ತುಂಡುಗಳನ್ನು ಸೋಸಬೇಕಾದಾಗ, ಎರಡನೆಯ ರೀತಿ ಎಡದಿಂದ ಬಲಕ್ಕೆ ಸಲೀಸಾಗಿ ಓದಿಸಿಕೊಳ್ಳುತ್ತದೆ. ಸ್ಪ್ಲಿಟ್, ಮ್ಯಾಪ್, ಫಿಲ್ಟರ್, ಜಾಯಿನ್ ಎಂದು ಒಂದರ ಬೆನ್ನಿಗೆ ಒಂದು ಬರುವ ಸಾಲುಗಳು ಇಂದಿನ ಮ್ಯಾನಿಫೆಸ್ಟ್‌ಗಳಲ್ಲಿ ಸಾಮಾನ್ಯ ನೋಟ. ವಿಭಜನೆಯ ತಿರುಗುಮುರುಗು ಕೆಲಸ ಮಾಡುವ ಜಾಯಿನ್ ಮೊದಲು ಸ್ಟ್ಯಾಂಡರ್ಡ್ ಲೈಬ್ರರಿ ಎಂಬ ಪ್ರತ್ಯೇಕ ಮಾಡ್ಯೂಲ್‌ನಲ್ಲಿತ್ತು, 5.5ನೇ ಆವೃತ್ತಿಯಲ್ಲಿ ಪಪೆಟ್‌ನ ಒಳಗೇ ಸೇರಿತು.

ಪಪೆಟ್‌ನಲ್ಲಿ ಒಮ್ಮೆ ಮೌಲ್ಯ ಪಡೆದ ವೇರಿಯಬಲ್ ಅದೇ ವ್ಯಾಪ್ತಿಯಲ್ಲಿ ಮತ್ತೆ ಬದಲಾಗುವುದಿಲ್ಲ. ಹಾಗಾಗಿ ಸ್ಪ್ಲಿಟ್ ಮೂಲ ಸ್ಟ್ರಿಂಗನ್ನು ಮುಟ್ಟದೆ ಹೊಸ ಅರೇ ಕೊಡುತ್ತದೆ. ಆ ಅರೇಯನ್ನು ಒಂದೇ ಏಟಿಗೆ ಹಲವು ವೇರಿಯಬಲ್‌ಗಳಿಗೆ ಹಂಚಲು ಸಾಧ್ಯ: ಎಡಗಡೆ ಚೌಕಾವರಣದಲ್ಲಿ ನಾಲ್ಕು ವೇರಿಯಬಲ್ ಹೆಸರು ಬರೆದರೆ ಐಪಿ ವಿಳಾಸದ ನಾಲ್ಕು ಭಾಗಗಳೂ ಕ್ರಮವಾಗಿ ಕೂರುತ್ತವೆ. ಎರಡೂ ಕಡೆ ಎಣಿಕೆ ಸರಿಹೊಂದಬೇಕು, ಇಲ್ಲವಾದರೆ ಕಂಪೈಲ್ ಅಲ್ಲೇ ನಿಲ್ಲುತ್ತದೆ. ಇದನ್ನು ಕಿರಿಕಿರಿ ಎನ್ನುವುದಕ್ಕಿಂತ ಉಚಿತವಾಗಿ ಸಿಕ್ಕ ತಪಾಸಣೆ ಎಂದು ಎಣಿಸುವುದೇ ಸರಿ.

ಫಂಕ್ಷನ್ ನಡೆಯುವ ಜಾಗವೂ ಗಮನಾರ್ಹ. ಸಾಮಾನ್ಯವಾಗಿ ಸ್ಪ್ಲಿಟ್ ಸರ್ವರ್‌ನಲ್ಲಿ, ಕ್ಯಾಟಲಾಗ್ ತಯಾರಾಗುವಾಗ ನಡೆಯುತ್ತದೆ. ನೋಡ್‌ಗೆ ತಲುಪುವುದು ಕತ್ತರಿಸಿದ ಫಲ ಮಾತ್ರ. ನೋಡ್‌ನಲ್ಲಷ್ಟೇ ಸಿಗುವ ಮೌಲ್ಯವನ್ನು ಅಲ್ಲೇ ಒಡೆಯಬೇಕಾದರೆ, 2018ರ ಪಪೆಟ್ 6 ತಂದ 'ಡಿಫರ್ಡ್' ಎಂಬ ವ್ಯವಸ್ಥೆಯ ಮೂಲಕ ಸ್ಪ್ಲಿಟ್ ಕರೆಯನ್ನು ಮುಂದೂಡಬಹುದು.

ವಿಭಜಕದ ಬಗೆಗಳು

ವಿಭಜಕವನ್ನು ಉದ್ಧರಣ ಚಿಹ್ನೆಯೊಳಗಿನ ಸ್ಟ್ರಿಂಗ್ ಆಗಿ, ಓರೆಗೆರೆಗಳ ನಡುವಿನ ರೆಜೆಕ್ಸ್ ಆಗಿ ಅಥವಾ ರೆಜೆಕ್ಸ್ ಡೇಟಾ ಟೈಪ್ ಆಗಿ ಕೊಡಬಹುದು. ಮೂರನೆಯದು ಅಪರೂಪ. ಪಪೆಟ್‌ನ 3ನೇ ಸರಣಿಯವರೆಗೆ ರೆಜೆಕ್ಸ್ ಎಂಬುದು ಭಾಷೆಯಲ್ಲಿ ಸ್ವತಂತ್ರ ಮೌಲ್ಯವಾಗಿರಲಿಲ್ಲವಾದ್ದರಿಂದ ಮೊದಲನೆಯದೊಂದೇ ದಾರಿಯಿತ್ತು.

ಇಲ್ಲೇ ಈ ಫಂಕ್ಷನ್ನಿನ ಅತಿ ಮುಖ್ಯ ಗುಣ ಇರುವುದು: ಉದ್ಧರಣ ಚಿಹ್ನೆಯೊಳಗೆ ಕೊಟ್ಟರೂ ಪಪೆಟ್ ಆ ಸ್ಟ್ರಿಂಗನ್ನು ರೆಜೆಕ್ಸ್ ಎಂದೇ ಓದುತ್ತದೆ. ಅಲ್ಪವಿರಾಮ, ಕೋಲನ್, ಅಡ್ಡಗೆರೆಯಂಥ ಚಿಹ್ನೆಗಳಿಗೆ ರೆಜೆಕ್ಸ್‌ನಲ್ಲಿ ವಿಶೇಷ ಅರ್ಥವಿಲ್ಲ, ಹಾಗಾಗಿ ವ್ಯತ್ಯಾಸ ಕಾಣಿಸುವುದಿಲ್ಲ. ಚುಕ್ಕಿಗೆ ಬಂದಾಗ ಕಾಣಿಸುತ್ತದೆ. ರೆಜೆಕ್ಸ್‌ನಲ್ಲಿ ಚುಕ್ಕಿ ಎಂದರೆ 'ಯಾವುದಾದರೂ ಒಂದು ಅಕ್ಷರ'. '192.168.12.7' ಎಂಬುದನ್ನು '.' ಇಟ್ಟು ಒಡೆದರೆ ಪ್ರತಿ ಅಂಕಿಯೂ ಪ್ರತಿ ಚುಕ್ಕಿಯೂ ವಿಭಜಕವೇ ಆಗಿಬಿಡುತ್ತದೆ, ತುಂಡುಗಳೆಲ್ಲ ಖಾಲಿ. ಕೊನೆಯ ಖಾಲಿ ತುಂಡುಗಳನ್ನು ಕೈಬಿಡುವ ನಿಯಮವೂ ಸೇರಿ ಉಳಿಯುವುದು ಒಂದೂ ಅಂಶವಿಲ್ಲದ ಅರೇ. ದೋಷಸಂದೇಶ ಬರುವುದಿಲ್ಲ, ಕಂಪೈಲ್ ಯಶಸ್ವಿಯಾಗಿ ಮುಗಿಯುತ್ತದೆ, ಆ ಅರೇಯಿಂದ ಹುಟ್ಟಬೇಕಾಗಿದ್ದ ಸಂಪನ್ಮೂಲಗಳು (ಪಪೆಟ್ ನಿರ್ವಹಿಸುವ ಪ್ಯಾಕೇಜ್‌ನಂಥ ಘಟಕಗಳು) ಮಾತ್ರ ಹುಟ್ಟುವುದಿಲ್ಲ.

ಪಪೆಟ್‌ನ ಅಧಿಕೃತ ದಸ್ತಾವೇಜು ಸೂಚಿಸುವ ಸುಲಭ ಪರಿಹಾರ ಚೌಕಾವರಣ: '[.]' ಎಂದು ಬರೆದರೆ ಚುಕ್ಕಿ ಬರೀ ಚುಕ್ಕಿ. ಬ್ಯಾಕ್‌ಸ್ಲ್ಯಾಶ್ ಹಾಕಿ '\.' ಎಂದು ಬರೆದರೂ ನಡೆಯುತ್ತದೆ. ಚೌಕಾವರಣಕ್ಕೆ ಇನ್ನೊಂದು ಪ್ರಯೋಜನವೂ ಇದೆ: '[.:]' ಎಂದರೆ ಚುಕ್ಕಿಯಲ್ಲೂ ಕೋಲನ್‌ನಲ್ಲೂ ಕತ್ತರಿಸು ಎಂದರ್ಥ. '10.0.0.5:8140' ಎಂಬ ವಿಳಾಸವನ್ನು ಹೀಗೆ ಒಡೆದರೆ ನಾಲ್ಕು ಭಾಗಗಳ ಜೊತೆ ಪೋರ್ಟ್ ಸಂಖ್ಯೆಯೂ ಐದನೆಯ ಅಂಶವಾಗಿ ಸಿಗುತ್ತದೆ. (8140 ಪಪೆಟ್ ಸರ್ವರ್‌ನದೇ ಪೋರ್ಟ್.)

ಲಂಬ ಗೆರೆಯಾದ '|' ಇನ್ನೊಂದು ಬಗೆಯ ತೊಡಕು ತರುತ್ತದೆ. ರೆಜೆಕ್ಸ್‌ನಲ್ಲಿ ಅದರ ಅರ್ಥ 'ಇದು ಅಥವಾ ಅದು'. ಎರಡೂ ಬದಿ ಖಾಲಿಯಾಗಿದ್ದಾಗ ಅದು ಖಾಲಿ ಸ್ಟ್ರಿಂಗ್‌ಗೇ ಹೊಂದಿಕೊಳ್ಳುತ್ತದೆ. ಪರಿಣಾಮವಾಗಿ '1|2|3' ಎಂಬುದು ಲಂಬ ಗೆರೆಗಳೂ ಸೇರಿದಂತೆ ಐದು ಬಿಡಿ ಅಕ್ಷರಗಳಾಗಿ ಒಡೆಯುತ್ತದೆ. '+' ಅಥವಾ '*' ಒಂದನ್ನೇ ಕೊಟ್ಟರೆ ರೆಜೆಕ್ಸ್ ರಚನೆಯೇ ತಪ್ಪು ಎಂಬ ದೋಷ ಬರುತ್ತದೆ, ಇದು ಮೇಲಿನ ಎರಡಕ್ಕಿಂತ ಮೇಲು. ವಿಂಡೋಸ್ ಹಾದಿಗಳಲ್ಲಿ ಬರುವ ಬ್ಯಾಕ್‌ಸ್ಲ್ಯಾಶ್‌ನಲ್ಲಿ ಕತ್ತರಿಸಬೇಕಾದರೆ ಒಂಟಿ ಉದ್ಧರಣ ಚಿಹ್ನೆಯೊಳಗೆ '\\\\' ಎಂದು ನಾಲ್ಕು ಬರೆಯಬೇಕು: ಎರಡು ಪಪೆಟ್ ಸ್ಟ್ರಿಂಗ್‌ನ ನಿಯಮಕ್ಕೆ ಖರ್ಚಾಗುತ್ತವೆ, ಉಳಿದ ಎರಡು ರೆಜೆಕ್ಸ್‌ಗೆ. ಓರೆಗೆರೆಗಳ ರೂಪದಲ್ಲಿ /\\/ ಸಾಕು.

ಗುಂಪು ಮಾಡುವ ಆವರಣಕ್ಕೂ ಒಂದು ಅಡ್ಡಪರಿಣಾಮವಿದೆ. ಪರ್ಲ್‌ನಂತೆ ರೂಬಿಯಲ್ಲೂ, ನಮೂನೆಯೊಳಗೆ ಆವರಣವಿದ್ದರೆ ಅದು ಹಿಡಿದ ಪಠ್ಯವೂ ಫಲಿತಾಂಶದಲ್ಲಿ ಸೇರುತ್ತದೆ. '2024-08-09' ಎಂಬುದನ್ನು '(-)' ಇಟ್ಟು ಒಡೆದರೆ ಮೂರರ ಬದಲು ಐದು ಅಂಶಗಳು, ನಡುನಡುವೆ ಎರಡು ಅಡ್ಡಗೆರೆಗಳು. ವಿಭಜಕ ಏನಾಗಿತ್ತು ಎಂದು ತಿಳಿಯಬೇಕಾದಾಗ ಇದು ಉಪಯುಕ್ತ. ಬೇಡವಾದಾಗ '(?:' ಎಂದು ಆವರಣ ತೆರೆದರೆ ಅದು ಹಿಡಿದಿಡುವುದನ್ನು ಬಿಡುತ್ತದೆ.

ಖಾಲಿ ತುಂಡುಗಳು

ಖಾಲಿ ತುಂಡುಗಳ ಬಗ್ಗೆ ಸ್ಪ್ಲಿಟ್ ಸಮಾನ ನೀತಿ ಪಾಲಿಸುವುದಿಲ್ಲ. ಆರಂಭದ ಮತ್ತು ನಡುವಿನ ಖಾಲಿ ತುಂಡುಗಳು ಉಳಿಯುತ್ತವೆ, ಕೊನೆಯವು ಹೋಗುತ್ತವೆ. 'ವಿಮ್,ಗಿಟ್,,ಕರ್ಲ್,,' ಎಂಬ ಪ್ಯಾಕೇಜ್ ಪಟ್ಟಿಯನ್ನು ಅಲ್ಪವಿರಾಮದಲ್ಲಿ ಕತ್ತರಿಸಿದರೆ ಸಿಗುವುದು ['ವಿಮ್', 'ಗಿಟ್', '', 'ಕರ್ಲ್']. ನಡುವೆ ಒಂದು ಖಾಲಿ ಅಂಶ ಇದೆ, ಕೊನೆಯ ಎರಡು ಅಲ್ಪವಿರಾಮಗಳ ಕುರುಹೂ ಇಲ್ಲ. ಖಾಲಿ ಸ್ಟ್ರಿಂಗನ್ನೇ ಒಡೆದರೆ ಫಲ ಖಾಲಿ ಅರೇ.

ಐಪಿವಿ6 ವಿಳಾಸಗಳಲ್ಲಿ ಈ ಅಸಮಾನತೆ ಎದ್ದು ಕಾಣುತ್ತದೆ. '::1' ಎಂಬ ಲೂಪ್‌ಬ್ಯಾಕ್ ವಿಳಾಸವನ್ನು ಕೋಲನ್‌ನಲ್ಲಿ ಒಡೆದರೆ ಎರಡು ಖಾಲಿ ತುಂಡುಗಳೂ ಒಂದು '1' ಕೂಡ ಸಿಗುತ್ತವೆ. '::' ಎಂಬ ವಿಳಾಸ ಒಡೆದರೆ ಏನೂ ಇಲ್ಲ. ಇಂಥ ವಿಳಾಸಗಳನ್ನು ಎಣಿಕೆಯ ಮೇಲೆ ಗುರುತಿಸುವ ಮ್ಯಾನಿಫೆಸ್ಟ್ ಸೋಲುವುದು ಖಚಿತ.

ಖಾಲಿ ಜಾಗದ ವಿಷಯದಲ್ಲಿ ಪಪೆಟ್ ತನ್ನ ಮೂಲದಿಂದ ಒಂದು ಹೆಜ್ಜೆ ದೂರ ಸರಿದಿದೆ. ರೂಬಿಯಲ್ಲಿ ಒಂದೇ ಒಂದು ಸ್ಪೇಸ್ ಇರುವ ಸ್ಟ್ರಿಂಗನ್ನು ವಿಭಜಕವಾಗಿ ಕೊಟ್ಟರೆ ಆಕ್ ಭಾಷೆಯ ಹಳೆಯ ಪದ್ಧತಿ ಜಾರಿಗೆ ಬರುತ್ತದೆ: ಆರಂಭದ ಖಾಲಿ ಜಾಗ ಬಿಟ್ಟು, ಸಾಲಾಗಿ ಬಂದ ಸ್ಪೇಸ್‌ಗಳನ್ನೆಲ್ಲ ಒಂದೇ ಎಂದೆಣಿಸುವುದು. ಪಪೆಟ್ ಅದನ್ನು ಮೊದಲು ರೆಜೆಕ್ಸ್ ಮಾಡಿಕೊಳ್ಳುವುದರಿಂದ ಈ ಸವಲತ್ತು ಇಲ್ಲವಾಗುತ್ತದೆ. ಎರಡು ಸ್ಪೇಸ್ ಇದ್ದರೆ ನಡುವೆ ಖಾಲಿ ತುಂಡು ಬರುತ್ತದೆ. ಸ್ಪೇಸ್‌ನ ನಂತರ '+' ಹಾಕಿದರೆ ಸಾಲು ಸ್ಪೇಸ್‌ಗಳು ಒಂದಾಗುತ್ತವೆ. ಅಲ್ಪವಿರಾಮದ ನಂತರ ಸ್ಪೇಸ್ ಇರಲೂಬಹುದು ಇಲ್ಲದಿರಲೂಬಹುದು ಎಂಬಂಥ ಪಟ್ಟಿಗೆ ', *' ಎಂಬ ನಮೂನೆ ಸಾಕಾಗುತ್ತದೆ.

ಫಲಿತಾಂಶದ ಸ್ವರೂಪ

ತುಂಡುಗಳು ನೋಡಲು ಸಂಖ್ಯೆಯಂತಿದ್ದರೂ ಅವು ಸ್ಟ್ರಿಂಗ್‌ಗಳೇ. ಲೆಕ್ಕ ಮಾಡುವಾಗ ಪಪೆಟ್ ಅವನ್ನು ತಾನಾಗಿ ಸಂಖ್ಯೆಯಾಗಿ ಪರಿವರ್ತಿಸುತ್ತದೆ. '7' ಎಂಬ ಕೊನೆಯ ಭಾಗಕ್ಕೆ 1 ಕೂಡಿಸಿದರೆ 8 ಬರುತ್ತದೆ. ಹೋಲಿಸುವಾಗ ಆ ಉಪಕಾರವಿಲ್ಲ. '10' ಮತ್ತು '9' ಎರಡೂ ಸ್ಟ್ರಿಂಗ್ ಆಗಿರುವವರೆಗೆ ಹೋಲಿಕೆ ಅಕ್ಷರಕ್ರಮದಲ್ಲಿ ನಡೆದು '10' ಚಿಕ್ಕದು ಎಂದು ತೀರ್ಮಾನವಾಗುತ್ತದೆ. ಸ್ಟ್ರಿಂಗನ್ನು ಸಂಖ್ಯೆಯ ಜೊತೆಗೇ ಹೋಲಿಸಿದರೆ ನೇರ ದೋಷ. ಆವೃತ್ತಿ ಸಂಖ್ಯೆಗಳನ್ನು ಚುಕ್ಕಿಯಲ್ಲಿ ಒಡೆದು ಹೋಲಿಸುವವರು ಈ ಬಲೆಗೆ ಬೀಳುವುದರಿಂದಲೇ, ಆ ಕೆಲಸಕ್ಕೆ 'ವರ್ಷನ್‌ಸಿಎಂಪಿ' ಎಂಬ ಬೇರೆ ಫಂಕ್ಷನ್ ಬಳಸುವುದು ವಾಡಿಕೆ.

ಮುಂದೆ ಸೊನ್ನೆ ಇರುವ ಅಂಕಿಗಳದು ಇನ್ನೂ ಸೂಕ್ಷ್ಮ ಪ್ರಕರಣ. ಪಪೆಟ್‌ನಲ್ಲಿ ಸೊನ್ನೆಯಿಂದ ಶುರುವಾಗುವ ಪೂರ್ಣಾಂಕ ಎಂಟರ ಮೂಲದ ಸಂಖ್ಯೆ, ಅಂದರೆ ಆಕ್ಟಲ್. ದಿನಾಂಕವನ್ನು ಅಡ್ಡಗೆರೆಯಲ್ಲಿ ಒಡೆದು ತಿಂಗಳಿಗೆ 1 ಕೂಡಿಸುವ ಸಾಲು '07' ಇರುವ ಜುಲೈವರೆಗೆ ಸರಿಯಾಗಿ ನಡೆದು, '08' ಬಂದೊಡನೆ ಸಂಖ್ಯೆಯಾಗಿ ಪರಿವರ್ತಿಸಲಾಗದು ಎಂದು ನಿಂತುಬಿಡುತ್ತದೆ. ಆಕ್ಟಲ್‌ನಲ್ಲಿ 8 ಎಂಬ ಅಂಕಿಯೇ ಇಲ್ಲವಲ್ಲ. '010' ಎಂಬ ಸರ್ವರ್ ಕ್ರಮಸಂಖ್ಯೆಯಾದರೋ ದೋಷವನ್ನೂ ತೋರಿಸದೆ 8 ಆಗುತ್ತದೆ. ಇದಕ್ಕೆ ಪರಿಹಾರವಾಗಿ 'ಇಂಟಿಜರ್' ಎಂಬ ಟೈಪ್‌ಗೆ ಎರಡನೆಯ ಮೌಲ್ಯವಾಗಿ 10 ಕೊಟ್ಟು, ಹತ್ತರ ಮೂಲದಲ್ಲೇ ಓದು ಎಂದು ಸ್ಪಷ್ಟವಾಗಿ ಹೇಳಬೇಕು.

ಸ್ಪ್ಲಿಟ್‌ಗೆ ಕೊಡುವ ಮೊದಲ ಮೌಲ್ಯ ಸ್ಟ್ರಿಂಗ್ ಆಗಿರಲೇಬೇಕು. ಇಲ್ಲದ ಫ್ಯಾಕ್ಟನ್ನು ಕೇಳಿದಾಗ ಬರುವ 'ಅನ್‌ಡೆಫ್' ಎಂಬ ಶೂನ್ಯಮೌಲ್ಯವನ್ನು ಕೊಟ್ಟರೆ ಟೈಪ್ ಹೊಂದುವುದಿಲ್ಲ ಎಂಬ ದೋಷದೊಡನೆ ಕಂಪೈಲ್ ನಿಲ್ಲುತ್ತದೆ. ಹಳೆಯ 3ನೇ ಸರಣಿಯಲ್ಲಿ ಅಂಥ ಮೌಲ್ಯ ಫಂಕ್ಷನ್ನಿಗೆ ಖಾಲಿ ಸ್ಟ್ರಿಂಗ್ ಆಗಿ ತಲುಪುತ್ತಿದ್ದುದರಿಂದ ಇದೇ ತಪ್ಪು ಸುಳಿವಿಲ್ಲದೆ ದಾಟಿಹೋಗುತ್ತಿತ್ತು.

ಗುಪ್ತಪದಗಳಂಥ ಮಾಹಿತಿಯನ್ನು ವರದಿಗಳಲ್ಲಿ ಕಾಣದಂತೆ ಮುಚ್ಚಿಡಲು 4.6ನೇ ಆವೃತ್ತಿಯಲ್ಲಿ 'ಸೆನ್ಸಿಟಿವ್' ಎಂಬ ಟೈಪ್ ಬಂತು. ಮೊದಮೊದಲು ಅದನ್ನು ಬಿಚ್ಚದೆ ಕತ್ತರಿಸಲು ಆಗುತ್ತಿರಲಿಲ್ಲ. ಈಚಿನ ಆವೃತ್ತಿಗಳಲ್ಲಿ ಸ್ಪ್ಲಿಟ್ ಮುಚ್ಚಿದ ಸ್ಟ್ರಿಂಗನ್ನೇ ಸ್ವೀಕರಿಸಿ, ಇಡೀ ಅರೇಯನ್ನು ಮುಚ್ಚಿಯೇ ಹಿಂದಿರುಗಿಸುತ್ತದೆ. ಒಳಗಿನ ತುಂಡುಗಳು ಒಂದೊಂದಾಗಿ ಮುಚ್ಚಿರುವುದಿಲ್ಲ; ಅರೇ ಬಿಚ್ಚಿದರೆ ಎಲ್ಲವೂ ತೆರೆದುಕೊಳ್ಳುತ್ತವೆ.

ಕನ್ನಡ ಪಠ್ಯದ ವಿಭಜನೆ

ಪಪೆಟ್ ಮ್ಯಾನಿಫೆಸ್ಟ್‌ಗಳು ಯುನಿಕೋಡ್‌ನ ಯುಟಿಎಫ್-8 ರೂಪದಲ್ಲಿರುವುದರಿಂದ ಅಲ್ಪವಿರಾಮ ಹಾಕಿದ ಕನ್ನಡ ಪಟ್ಟಿಯನ್ನು ಕತ್ತರಿಸಲು ಯಾವ ತೊಂದರೆಯೂ ಇಲ್ಲ. ತೊಂದರೆ ಇರುವುದು ಖಾಲಿ ನಮೂನೆ ಕೊಟ್ಟು ಬಿಡಿ ಅಕ್ಷರಗಳಾಗಿ ಒಡೆಯುವಾಗ. ರೂಬಿ ಎಣಿಸುವುದು ಯುನಿಕೋಡ್ ಸಂಕೇತಬಿಂದುಗಳನ್ನು, ಕನ್ನಡದ ಅಕ್ಷರಗಳನ್ನಲ್ಲ. 'ಹುಬ್ಬಳ್ಳಿ' ಎಂಬುದರಲ್ಲಿ ಓದುಗರು ಕಾಣುವ ಅಕ್ಷರಗಳು ಮೂರು. ಸ್ಪ್ಲಿಟ್ ಕೊಡುವ ತುಂಡುಗಳು ಒಂಬತ್ತು: ಹ, ಉಕಾರದ ಚಿಹ್ನೆ, ಬ, ವಿರಾಮ, ಬ, ಳ, ವಿರಾಮ, ಳ, ಇಕಾರದ ಚಿಹ್ನೆ. ಮೊದಲ ಅಕ್ಷರವನ್ನು ಬೇರ್ಪಡಿಸಲು ಹೊರಟರೆ ಕೈಗೆ ಬರುವುದು 'ಹು' ಅಲ್ಲ, 'ಹ'. ತುಂಡುಗಳನ್ನು ಖಾಲಿ ಸ್ಟ್ರಿಂಗ್‌ನಿಂದ ಮತ್ತೆ ಜೋಡಿಸಿದರೆ ಮೂಲ ಪದ ಹಾಗೇ ಮರಳುತ್ತದೆ, ಏನೂ ಕಳೆದುಹೋಗುವುದಿಲ್ಲ. ಗುಣಿತಾಕ್ಷರ, ಒತ್ತಕ್ಷರಗಳಿರುವ ಇತರ ಭಾರತೀಯ ಲಿಪಿಗಳಿಗೂ ಇದೇ ಅನ್ವಯಿಸುತ್ತದೆ.

ಬಳಕೆ

ಹೆಚ್ಚು ಕಾಣುವ ಬಳಕೆ ಪಟ್ಟಿಯಿಂದ ಸಂಪನ್ಮೂಲಗಳನ್ನು ಹುಟ್ಟಿಸುವುದು. ಪಪೆಟ್‌ನಲ್ಲಿ ಸಂಪನ್ಮೂಲದ ಶೀರ್ಷಿಕೆಯ ಜಾಗದಲ್ಲಿ ಅರೇ ಕೊಟ್ಟರೆ ಅದರ ಪ್ರತಿ ಅಂಶಕ್ಕೂ ಒಂದೊಂದು ಸಂಪನ್ಮೂಲ ಸೃಷ್ಟಿಯಾಗುತ್ತದೆ. ಅಲ್ಪವಿರಾಮದ ಪಟ್ಟಿಯನ್ನು ಕತ್ತರಿಸಿ ಪ್ಯಾಕೇಜ್ ಸಂಪನ್ಮೂಲಕ್ಕೆ ಕೊಟ್ಟರೆ ಅಷ್ಟೂ ಪ್ಯಾಕೇಜ್‌ಗಳು ಸ್ಥಾಪನೆಯಾಗುತ್ತವೆ. ಪಟ್ಟಿಯೊಳಗಿನ ಕೊಳೆಯೂ ಜೊತೆಗೆ ಬರುತ್ತದೆ ಎಂಬುದು ಇದರ ಇನ್ನೊಂದು ಮುಖ. ಖಾಲಿ ತುಂಡು ಇದ್ದರೆ ಶೀರ್ಷಿಕೆ ಖಾಲಿ ಇರಕೂಡದು ಎಂಬ ದೋಷ. ಒಂದೇ ಹೆಸರು ಎರಡು ಸಲ ಇದ್ದರೆ ಸಂಪನ್ಮೂಲ ಎರಡು ಬಾರಿ ಘೋಷಣೆಯಾಗಿದೆ ಎಂಬ ದೋಷ. ಹೆಸರಿನ ಮುಂದೆ ಸ್ಪೇಸ್ ಉಳಿದಿದ್ದರೆ ಇಲ್ಲದ ಪ್ಯಾಕೇಜನ್ನು ಹುಡುಕಾಡುವ ನೋಡ್. ಸ್ಟ್ರಿಪ್, ಫಿಲ್ಟರ್, ಯುನೀಕ್ ಎಂಬ ಫಂಕ್ಷನ್‌ಗಳು ಸ್ಪ್ಲಿಟ್ ಹಿಂದೆಯೇ ಬರುವುದು ಈ ಕಾರಣಕ್ಕೆ.

ನೋಡ್ ಹೆಸರಿನಿಂದ ಅದರ ಪಾತ್ರ ಊಹಿಸುವುದು ಎರಡನೆಯ ದೊಡ್ಡ ಬಳಕೆ. ಊರು, ಕೆಲಸ, ಕ್ರಮಸಂಖ್ಯೆಗಳನ್ನು ಅಡ್ಡಗೆರೆಯಿಂದ ಜೋಡಿಸಿ ಯಂತ್ರಗಳಿಗೆ ಹೆಸರಿಡುವ ಸಂಸ್ಥೆಗಳು ಹಲವಿವೆ. ಹೆಸರನ್ನು ಒಡೆದರೆ ಮೂರೂ ಸಿಗುತ್ತವೆ. ಸುಲಭವೇನೋ ಹೌದು. ಆದರೆ ಫ್ಯಾಕ್ಟ್‌ಗಳು ನೋಡ್ ತಾನೇ ಹೇಳಿಕೊಂಡ ಮಾತು. ದಾಳಿಕೋರರ ಕೈಗೆ ಸಿಕ್ಕ ಯಂತ್ರ ತನ್ನ ಹೆಸರನ್ನು ಬದಲಿಸಿ ಹೇಳಿ ಡೇಟಾಬೇಸ್ ಸರ್ವರ್‌ನ ಗುಪ್ತಪದಗಳಿರುವ ಕ್ಯಾಟಲಾಗನ್ನು ಪಡೆಯಬಹುದು. ಇದನ್ನು ತಡೆಯಲು ಪಪೆಟ್ 'ಟ್ರಸ್ಟೆಡ್' ಎಂಬ ಪ್ರತ್ಯೇಕ ಹ್ಯಾಶ್ ಕೊಡುತ್ತದೆ. ಅದರ ಮೌಲ್ಯಗಳು ಸಹಿಯಾದ ಪ್ರಮಾಣಪತ್ರದಿಂದ ಬರುತ್ತವೆ. ಪ್ರಮಾಣಪತ್ರದ ಹೆಸರನ್ನು ಮೊದಲ ಚುಕ್ಕಿಯಲ್ಲಿ ಎರಡಾಗಿ ಒಡೆದ ರೂಪವೂ ಅದರಲ್ಲೇ ಸಿದ್ಧವಾಗಿ ಸಿಗುತ್ತದೆ.

ಪಠ್ಯ ಕಡತಗಳ ರೂಪದ ಬಾಹ್ಯ ಫ್ಯಾಕ್ಟ್‌ಗಳಲ್ಲಿ ಮೌಲ್ಯ ಯಾವಾಗಲೂ ಸ್ಟ್ರಿಂಗ್. ಅಲ್ಲಿ ಪಟ್ಟಿ ಇಡಬೇಕೆಂದರೆ ವಿಭಜನೆ ಅನಿವಾರ್ಯ. ಅದೇ ಫ್ಯಾಕ್ಟನ್ನು ಯಾಮಲ್ ಅಥವಾ ಜೇಸನ್ ಕಡತವಾಗಿ ಬರೆದರೆ ಅರೇ ಆಗಿಯೇ ಬರುತ್ತದೆ. ಕೆಲವೆಡೆ ಪಪೆಟ್ ತಾನೇ ಕತ್ತರಿಸಿಕೊಳ್ಳುವುದೂ ಉಂಟು: 'ಎಕ್ಸೆಕ್' ಸಂಪನ್ಮೂಲದ ಹಾದಿಯನ್ನು ಅರೇಯಾಗಿಯೂ ಕೊಡಬಹುದು, ಕೋಲನ್ ಹಾಕಿದ ಸ್ಟ್ರಿಂಗ್ ಆಗಿಯೂ ಕೊಡಬಹುದು.

ಟೆಂಪ್ಲೇಟ್‌ಗಳಲ್ಲಿ ಒಂದು ವಿಚಿತ್ರ ಇಬ್ಬಗೆ ಇದೆ. ಪಪೆಟ್ ಭಾಷೆಯಲ್ಲೇ ಬರೆಯುವ ಇಪಿಪಿ ಟೆಂಪ್ಲೇಟ್‌ನಲ್ಲಿ ಸ್ಪ್ಲಿಟ್ ಮೇಲೆ ವಿವರಿಸಿದಂತೆ ನಡೆಯುತ್ತದೆ. ಹಳೆಯ ಇಆರ್‌ಬಿ ಟೆಂಪ್ಲೇಟ್‌ನೊಳಗೆ ನಡೆಯುವುದು ರೂಬಿ. ಅಲ್ಲಿ ಉದ್ಧರಣ ಚಿಹ್ನೆಯೊಳಗಿನ '.' ಬರೀ ಚುಕ್ಕಿ. ಇಆರ್‌ಬಿಯಲ್ಲಿ ವರ್ಷಗಟ್ಟಲೆ ಸರಿಯಾಗಿದ್ದ ಸಾಲನ್ನು ಇಪಿಪಿಗೆ ಹಾಗೇ ಬದಲಾಯಿಸಿದರೆ ಫಲ ಖಾಲಿ ಅರೇ.

ಮಿತಿಗಳು ಮತ್ತು ಪರ್ಯಾಯಗಳು

ಎಷ್ಟು ತುಂಡುಗಳಾದ ಮೇಲೆ ನಿಲ್ಲಬೇಕು ಎಂದು ಹೇಳುವ ಮೂರನೆಯ ಮೌಲ್ಯ ರೂಬಿಯಲ್ಲಿದೆ, ಪಪೆಟ್‌ನಲ್ಲಿ ಇಲ್ಲ. ಮೊದಲ ಚುಕ್ಕಿಯಲ್ಲಷ್ಟೇ ಕತ್ತರಿಸಬೇಕಾದಾಗ ಬಳಸುಮಾರ್ಗ ಹಿಡಿಯಬೇಕು: ಎಲ್ಲವನ್ನೂ ಒಡೆದು, [1,-1] ಎಂದು ಎರಡನೆಯದರಿಂದ ಕೊನೆಯವರೆಗಿನ ಭಾಗ ತೆಗೆದು, ಜಾಯಿನ್‌ನಿಂದ ಮತ್ತೆ ಹೊಲಿಯುವುದು ಒಂದು ದಾರಿ. 'ಮ್ಯಾಚ್' ಫಂಕ್ಷನ್‌ನಿಂದ ಬೇಕಾದ ಭಾಗವನ್ನಷ್ಟೇ ಹಿಡಿಯುವುದು ಇನ್ನೊಂದು, ಹೆಚ್ಚು ಅಚ್ಚುಕಟ್ಟಾದದ್ದು.

ಉದ್ಧರಣ ಚಿಹ್ನೆಗಳ ಅರಿವೂ ಸ್ಪ್ಲಿಟ್‌ಗೆ ಇಲ್ಲ. '"ಹಾಸನ, ಕರ್ನಾಟಕ",573201' ಎಂಬ ಸಾಲನ್ನು ಅಲ್ಪವಿರಾಮದಲ್ಲಿ ಒಡೆದರೆ ಊರು ಮತ್ತು ರಾಜ್ಯ ಬೇರೆಯಾಗಿ, ಉದ್ಧರಣ ಚಿಹ್ನೆ ಎರಡು ತುಂಡುಗಳಿಗೂ ಅಂಟಿಕೊಂಡೇ ಉಳಿಯುತ್ತದೆ. ಶೆಲ್ ಆದೇಶಗಳನ್ನು ಒಡೆಯಲು ಸ್ಟ್ಯಾಂಡರ್ಡ್ ಲೈಬ್ರರಿಯಲ್ಲಿ 'ಶೆಲ್ ಸ್ಪ್ಲಿಟ್' ಇದೆ. ರಚನೆಯುಳ್ಳ ಪಠ್ಯಕ್ಕೆ ಅಲ್ಲೇ ಜೇಸನ್ ಮತ್ತು ಯಾಮಲ್ ಓದುವ ಫಂಕ್ಷನ್‌ಗಳಿವೆ.

ಎಲ್ಲಕ್ಕಿಂತ ದೊಡ್ಡ ಪರ್ಯಾಯವೆಂದರೆ ಪಟ್ಟಿಯನ್ನು ಸ್ಟ್ರಿಂಗ್ ಆಗಿ ಇಡದಿರುವುದು. 2012ರ ಪಪೆಟ್ 3ರಿಂದ ಭಾಷೆಯೊಡನೆ ಬೆರೆತ ಹೈರಾ, ಸಂರಚನೆಯ ಮೌಲ್ಯಗಳನ್ನು ಮ್ಯಾನಿಫೆಸ್ಟಿನಿಂದ ಹೊರಗೆ, ಯಾಮಲ್ ಕಡತಗಳಲ್ಲಿ ಇಡುವ ವ್ಯವಸ್ಥೆ. ಅಲ್ಲಿ ಪಟ್ಟಿ ಪಟ್ಟಿಯಾಗಿಯೇ, ಸಂಖ್ಯೆ ಸಂಖ್ಯೆಯಾಗಿಯೇ ಬರುತ್ತದೆ.

ಇತರ ಭಾಷೆಗಳಲ್ಲಿ

ಸಿಎಫ್‌ಎಂಜಿನ್‌ನಲ್ಲಿ ಇಂಥ ಎರಡು ಫಂಕ್ಷನ್‌ಗಳಿವೆ, ಎರಡೂ ರೆಜೆಕ್ಸ್ ಜೊತೆಗೆ ಗರಿಷ್ಠ ಎಣಿಕೆಯನ್ನೂ ಕೇಳುತ್ತವೆ. ಹಳೆಯ 'ಸ್ಪ್ಲಿಟ್‌ಸ್ಟ್ರಿಂಗ್' ಎಣಿಕೆ ಮುಗಿದ ಮೇಲೆ ಉಳಿದ ಪಠ್ಯವನ್ನು ಎಸೆದುಬಿಡುತ್ತದೆ. ಹೊಸ 'ಸ್ಟ್ರಿಂಗ್ ಸ್ಪ್ಲಿಟ್' ಅದನ್ನು ಕೊನೆಯ ಅಂಶದಲ್ಲಿ ಉಳಿಸಿಕೊಳ್ಳುತ್ತದೆ. 2009ರ ಶೆಫ್‌ನಲ್ಲಿ ಬರೆಯುವುದೇ ರೂಬಿಯಾದ್ದರಿಂದ ಅಲ್ಲಿ ರೂಬಿಯ ನಿಯಮಗಳು ಪೂರ್ತಿಯಾಗಿ ಅನ್ವಯ: ಸ್ಟ್ರಿಂಗ್ ವಿಭಜಕ ಅಕ್ಷರಶಃ, ರೆಜೆಕ್ಸ್ ಬೇಕಾದರೆ ಓರೆಗೆರೆ.

2012ರ ಆನ್ಸಿಬಲ್ ಮತ್ತು 2011ರ ಸಾಲ್ಟ್ ಜಿಂಜಾ ಟೆಂಪ್ಲೇಟ್ ಬಳಸುವುದರಿಂದ ಅಲ್ಲಿರುವುದು ಪೈಥಾನ್ ಪದ್ಧತಿ. ವಿಭಜಕ ರೆಜೆಕ್ಸ್ ಅಲ್ಲ, ಚುಕ್ಕಿ ಚುಕ್ಕಿಯೇ. ಕೊನೆಯ ಖಾಲಿ ತುಂಡುಗಳೂ ಉಳಿಯುತ್ತವೆ. ವಿಭಜಕ ಕೊಡದಿದ್ದರೆ ಖಾಲಿ ಜಾಗಗಳಲ್ಲಿ ಕತ್ತರಿಸುತ್ತದೆ. ಖಾಲಿ ಸ್ಟ್ರಿಂಗನ್ನು ಅಲ್ಪವಿರಾಮದಲ್ಲಿ ಒಡೆದರೆ ಪಪೆಟ್ ಖಾಲಿ ಅರೇ ಕೊಡುವ ಕಡೆ ಪೈಥಾನ್ ಒಂದು ಖಾಲಿ ಸ್ಟ್ರಿಂಗ್ ಇರುವ ಪಟ್ಟಿ ಕೊಡುತ್ತದೆ. ಬಹುಕಾಲ ಆನ್ಸಿಬಲ್ ಬಳಕೆದಾರರು ಪೈಥಾನ್ ಮೆಥಡನ್ನೇ ನೇರ ಕರೆಯುತ್ತಿದ್ದರು. 2021ರ ಆನ್ಸಿಬಲ್-ಕೋರ್ 2.11ರಲ್ಲಿ ಸ್ಪ್ಲಿಟ್ ಹೆಸರಿನ ಫಿಲ್ಟರ್ ಬಂತು. ಮೂಲಸೌಕರ್ಯ ನಿರ್ಮಾಣಕ್ಕೆ ಬಳಸುವ ಟೆರಾಫಾರ್ಮ್‌ನಲ್ಲಿ ಮೌಲ್ಯಗಳ ಕ್ರಮವೇ ತಲೆಕೆಳಗು: ಮೊದಲು ವಿಭಜಕ, ಆಮೇಲೆ ಸ್ಟ್ರಿಂಗ್. ಪಪೆಟ್ ಮತ್ತು ಟೆರಾಫಾರ್ಮ್ ಎರಡನ್ನೂ ಒಂದೇ ದಿನ ಬರೆಯುವವರಿಗೆ ಇದು ನಿತ್ಯದ ಗೊಂದಲ.

ಇಂದಿನ ಸ್ಥಿತಿ

2022ರಲ್ಲಿ ಪಪೆಟ್ ಕಂಪನಿಯನ್ನು ಪರ್ಫೋರ್ಸ್ ಕೊಂಡಿತು. 2023ರ ಏಪ್ರಿಲ್‌ನಲ್ಲಿ ಬಂದ ಪಪೆಟ್ 8, 'ಇಂಟರ್‌ಫೇಸಸ್' ಸೇರಿದಂತೆ ಹಳೆಯ ಚಪ್ಪಟೆ ಫ್ಯಾಕ್ಟ್‌ಗಳನ್ನು ಪೂರ್ವನಿಯೋಜಿತವಾಗಿ ಕಳುಹಿಸುವುದನ್ನು ನಿಲ್ಲಿಸಿತು. ಅವನ್ನು ಅಲ್ಪವಿರಾಮದಲ್ಲಿ ಒಡೆಯುತ್ತಿದ್ದ ಹಳೆಯ ಮಾಡ್ಯೂಲ್‌ಗಳು ಈಗ ಅನ್‌ಡೆಫ್ ಅನ್ನು ಎದುರಿಸುತ್ತವೆ. ಅವುಗಳ ದುರಸ್ತಿಯಲ್ಲಿ ಸ್ಪ್ಲಿಟ್ ಸಾಲನ್ನೇ ಅಳಿಸಿ ನೆಟ್‌ವರ್ಕಿಂಗ್ ಹ್ಯಾಶ್‌ನ ಕೀಲಿಗಳನ್ನು ಓದುವುದು ಸಾಮಾನ್ಯ ಕ್ರಮ. ತಯಾರಿಸಿದ ಪ್ಯಾಕೇಜ್‌ಗಳ ವಿತರಣೆಯ ರೀತಿಯನ್ನು ಪರ್ಫೋರ್ಸ್ ಬದಲಿಸಿದ ನಂತರ, 2025ರಲ್ಲಿ ವಾಕ್ಸ್ ಪ್ಯೂಪುಲಿ ಎಂಬ ಬಳಕೆದಾರರ ಸಮುದಾಯ ಅದೇ ಮೂಲಸಂಕೇತದಿಂದ ಓಪನ್‌ವಾಕ್ಸ್ ಎಂಬ ಕವಲನ್ನು ಹೊರತಂದಿತು. ಅಲ್ಲಿ ಬಂದಿರುವುದೂ ಇದೇ ಸ್ಪ್ಲಿಟ್: ಎರಡು ಮೌಲ್ಯ, ರೆಜೆಕ್ಸ್ ವಿಭಜಕ, ಕೊನೆಯ ಖಾಲಿ ತುಂಡುಗಳಿಲ್ಲದ ಅರೇ.